ಬಾನೆಟ್ಟಿನ ಮೇಲೊಂದು ಕಾಗೆ

ಬೆಳಗಿನ ಜಾವದ ಮುಹೂರ್ತಗಳಿಗೆ ಬಸ್ಸಿಲ್ಲ.
ಗುತ್ತಲು ರಸ್ತೆಯ ಕತ್ತಲಲ್ಲಿ, ಮೂರು ಗಂಟೆಗೆ,
ಮೊಗ್ಗಿನ ಜಡೆ, ಬೈತಲೆಬೊಟ್ಟು, ಹದಿನಾಲ್ಕು ಬಗೆಯ ಪೌಡರಿನ ಪೆಟ್ಟಿಗೆ ಹೊತ್ತು
ಆಟೋದವನ ಬಾಗಿಲು ಬಡಿದು ಎಬ್ಬಿಸುವವಳು ನಾನು.
ಒಂದು ಕಾರಿದ್ದರೆ, ಅಂತ ಮೂರು ವರ್ಷ ಚೀಟಿ ಕಟ್ಟಿದೆ.

ಫೋನಿನಲ್ಲಿ ಸಿಕ್ಕಿತು. ಬಿಳಿ ವ್ಯಾಗನಾರ್,
ಒಬ್ಬರೇ ಓನರು, ಓಡಿದ್ದು ಮೂವತ್ತೊಂದು ಸಾವಿರ,
ಬೆಲೆ ಒಂದು ಲಕ್ಷದ ಹದಿನೈದು.
ಇಷ್ಟು ಕಮ್ಮಿಗೆ ಯಾಕೆ ಸಾರ್?
ಮಿಲಿಟ್ರಿಯಲ್ಲಿದ್ದೀನಿ ತಂಗಿ, ಗಡಿಗೆ ವರ್ಗ ಆಗಿದೆ,
ಕಾರು ಮಂಡಕಳ್ಳಿ ಏರ್‌ಪೋರ್ಟಿನ ಒಳಗೇ ನಿಂತಿದೆ,
ಐದು ಸಾವಿರ ಹಾಕಿ, ಗೇಟ್ ಪಾಸ್ ಬರುತ್ತೆ.
ಸಮವಸ್ತ್ರದ ಫೋಟೋ ಬಂತು, ಗುರುತಿನ ಚೀಟಿ ಬಂತು,
ಆರ್‌ಸಿ ಬಂತು, ಒಂದು ಮೂಲೆ ಮಸುಕಾಗಿ.
ತಂಗಿ ಅಂದನಲ್ಲ,
ಆ ಮಸುಕು ನನಗೆ ಕಾಣಲಿಲ್ಲ.

ಹಾಕಿದೆ.
ಮರುದಿನ, ಕೆರಗೋಡಿನ ಮದುವೆಮನೆಯಲ್ಲಿದ್ದಾಗ, ಮತ್ತೆ ಫೋನು.
ಇನ್ಶೂರೆನ್ಸಿಗೆ ಎಂಟು ಸಾವಿರ, ಆಮೇಲೆ ವಾಪಸ್ಸು,
ಈ ಚುಕ್ಕಿಚೌಕ ಸ್ಕ್ಯಾನ್ ಮಾಡಿ ಪಿನ್ ಒತ್ತಿ, ದುಡ್ಡು ನಿಮಗೇ ಬರುತ್ತೆ.
‘ದುಡ್ಡು ಬರೋಕೆ ಪಿನ್ ಯಾಕಕ್ಕ?’
ಕೇಳಿದ್ದು ನಾನಲ್ಲ,
ಒಂದೇ ಹುಬ್ಬು ತೀಡಿಸಿಕೊಂಡು ಕೂತಿದ್ದ ಮದುಮಗಳು.

ಮಂಡ್ಯದಿಂದ ಮೈಸೂರು, ಅಲ್ಲಿಂದ ನಂಜನಗೂಡಿನ ಬಸ್ಸು.
ಮಂಡಕಳ್ಳಿಯಲ್ಲಿ ಇಳಿದು ನೋಡಿದರೆ
ಗೇಟಿನೆದುರು ಬಿಸಿಲಲ್ಲಿ ಆಗಲೇ ಇಬ್ಬರು:
ಹುಣಸೂರಿನ ನಿವೃತ್ತ ಗುಮಾಸ್ತರು ಗುರುಸಿದ್ದಪ್ಪ,
ಕೆಸರೆಯ ಬೇಕರಿ ಹುಡುಗ ಮುಜಮ್ಮಿಲ್.
ಮೂವರ ಫೋನಿನಲ್ಲೂ ಅದೇ ಕಾರು, ಅದೇ ನೆರಳು,
ಬಾನೆಟ್ಟಿನ ಮೇಲೆ ಅದೇ ಕಾಗೆ.
ಗುರುಸಿದ್ದಪ್ಪನವರು ಕನ್ನಡಕ ಏರಿಸಿ ಚಿತ್ರ ಹಿಗ್ಗಿಸಿದರು.
ನಂಬರು ಮೈಸೂರಿನದು,
ಹಿಂದಿನ ಅಂಗಡಿಯ ಬೋರ್ಡು ಮಲಯಾಳದ್ದು.
‘ಮೊದಲೇ ದೊಡ್ಡದು ಮಾಡಿ ನೋಡಬಾರದಿತ್ತೇನವ್ವ?’ ಅಂದರು.
ಅವರೂ ನೋಡಿರಲಿಲ್ಲ.
ಕಾವಲಿನವನು ನಗಲಿಲ್ಲ, ಬೈಯಲೂ ಇಲ್ಲ,
ಈ ವಾರದಲ್ಲಿ ನೀವು ಹನ್ನೊಂದನೆಯವರು, ಅಂತ ನೀರು ಕೊಟ್ಟ.

ಸೈಬರ್ ಠಾಣೆಯಲ್ಲಿ ಮೂರು ದೂರು, ಒಂದೇ ಪೆನ್ನು.

ಆಮೇಲೆ ನೋಡಿದ ಕಾರಿಗೆ
ಮುಜಮ್ಮಿಲನ ಚಿಕ್ಕಪ್ಪನನ್ನೇ ಕರೆದೊಯ್ದೆ,
ಬನ್ನಿಮಂಟಪದ ಪೇಂಟರ್ ಇಲಿಯಾಸಣ್ಣ.
ಮಾರುವವನ ಮಾತು ಅವನು ಕೇಳಿಸಿಕೊಳ್ಳಲೇ ಇಲ್ಲ,
ಬೆರಳ ಗೆಣ್ಣಿನಿಂದ ಕಾರಿನ ಮೈ ತಟ್ಟುತ್ತ ಹೋದ.
ಟಣ್. ಟಣ್. ಟಣ್. ದಬ್.
‘ಇಲ್ಲಿ ಪುಟ್ಟಿ ಮೆತ್ತಿದಾರೆ ಅಕ್ಕ.’
ಮ್ಯಾಟು ಎತ್ತಿ ಮೂಸಿದ: ‘ನೀರು ಕುಡಿದಿರೋ ಗಾಡಿ.’
ಚಾಸಿ ನಂಬರನ್ನು ಆರ್‌ಸಿ ಪಕ್ಕ ಇಟ್ಟು ಓದಿದ, ಕೊನೆಯ ಅಂಕಿ ಬೇರೆ.
‘ಒಳ್ಳೇ ಮೇಕಪ್ಪು’ ಅಂದ, ನನ್ನ ಕಸುಬು ಗೊತ್ತಿಲ್ಲದೆ.

ಹದಿನೆಂಟು ವರ್ಷ ಕಣ್ಣಡಿಯ ಕಪ್ಪು, ಮೊಡವೆ, ಸಿಡುಬಿನ ಕುಳಿ
ಕಾಣದ ಹಾಗೆ ಬಳಿದವಳು ನಾನು.
ಒಂದು ಸಲ, ಧಾರೆಗೆ ಅರ್ಧ ಗಂಟೆ ಇರುವಾಗ,
ಹುಡುಗಿಯ ಕೆನ್ನೆಯ ಮೇಲಿನ ಐದು ಬೆರಳನ್ನೂ ಮುಚ್ಚಿದ್ದೇನೆ,
ಯಾರ ಕೈ ಎಂದು ಕೇಳದೆ.
ಕೂಲಿ ಎಣಿಸಿಕೊಂಡು ಬಂದೆ.

ಕಾರು ಇನ್ನೂ ತಗೊಂಡಿಲ್ಲ.
ಇಲಿಯಾಸಣ್ಣ ಒಂದು ಬೂದಿ ಬಣ್ಣದ ಆಲ್ಟೊ ಹೇಳಿದಾನೆ,
ಬಲಬಾಗಿಲು ನೆಗ್ಗಿದೆಯಂತೆ,
ನೆಗ್ಗಿದ್ದು ಯಾವ ಕಂಬಕ್ಕೆ ಅಂತ ಓನರಮ್ಮನೇ ಹೇಳ್ತಾರಂತೆ.
ಭಾನುವಾರ ಹಗಲು ಹೊತ್ತಿನಲ್ಲಿ ಹೋಗಬೇಕು.

ನಿನ್ನೆ ಫೋನಿನಲ್ಲಿ ಮತ್ತೆ ಬಂತು ಆ ಬಿಳಿ ಕಾರು.
ಹೆಸರು ಬೇರೆ, ಬೆಲೆ ಹತ್ತು ಸಾವಿರ ಕಮ್ಮಿ, ಕಾಗೆ ಅದೇ.
ಎಲ್ಲಿದೆ ಸಾರ್ ಗಾಡಿ, ಅಂತ ಕೇಳಿದೆ.
ಏರ್‌ಪೋರ್ಟಿನಲ್ಲಿ ತಂಗಿ.
ನಂಬರು ಠಾಣೆಗೆ ಕಳಿಸಿ, ಅವನಿಗೂ ಒಂದು ಸಾಲು ಬರೆದೆ:
ಅಣ್ಣಾ, ಅಲ್ಲಿ ಬಿಸಿಲು ಜಾಸ್ತಿ,
ಮುಂದಿನವರಿಗಾದರೂ ನೆರಳಿರೋ ಜಾಗ ಹೇಳು.