ಸೀಟು ಸುಳ್ಳಾಡುವುದಿಲ್ಲ

ಮೀಟರು ಸುಳ್ಳು ಹೇಳಬಹುದು, ಸೀಟು ಹೇಳುವುದಿಲ್ಲ.
ಕೋಲಾರದ ಟೇಕಲ್ ರಸ್ತೆಯಲ್ಲಿ ಹದಿನೆಂಟು ವರ್ಷದಿಂದ
ಕಾರುಗಳಿಗೆ ಅಂಗಿ ಹೊಲಿಯುವವಳು ನಾನು.
ಕೂತೆದ್ದ ಹಳ್ಳ ನೋಡಿ ಹೇಳಬಲ್ಲೆ
ಯಾರ ಸೊಂಟ ಎತ್ತ ವಾಲಿತ್ತು,
ಯಾರ ಮಗು ಯಾವ ತಿರುವಿನಲ್ಲಿ ಕಕ್ಕಿತು.

ರಾಬರ್ಟ್‌ಸನ್‌ಪೇಟೆಯ ಡೇನಿಯಲ್ ರತ್ನಂ
ಹಡಗಿನ ಕೆಲಸ ಬಿಟ್ಟು ಬರುವಾಗ
ಜಪಾನಿನಿಂದ ಜೊತೆಗೇ ತಂದ ಬೂದು ಗಾಡಿ.
ಗಾಡಿಗಿಂತ ಸುಂಕವೇ ದುಬಾರಿಯಾಯಿತಂತೆ ಆಗ.
ಈಗ ಅವನಿಲ್ಲ. ಹೆಂಡತಿ ಸ್ಟೆಲ್ಲಾ ಮಾರುತ್ತಾಳೆ,
ಎರಡು ಲಕ್ಷಕ್ಕೆ, ಚೌಕಾಸಿಯೇ ಬಾರದ ದನಿಯಲ್ಲಿ.

ನಯಾಜ್ ಅಡಿಗೆ ತೂರಿದ. ಹೊರಗೆ ಬರೀ ಕಾಲು.
ಕಾಲುಗಳೇ ಮಾತಾಡಿದವು:
"ಇಂಜಿನ್ನು ಚಿನ್ನ ಅಕ್ಕಾ,
ಗಣಿಯಾಗೆ ಮುಗಿದಿದ್ದು ಇಲ್ಲಿ ಉಳಕೊಂಡೈತೆ.
ತಳ ಮಾತ್ರ ತುಕ್ಕು. ಆ ಕಡೆ ಹಿಮ ಕರಗಲಿ ಅಂತ
ರೋಡಿಗೆ ಉಪ್ಪು ಚೆಲ್ತಾರಂತೆ."
ಉಪ್ಪು ತಿಂದದ್ದು ನೀರು ಕುಡಿಯಲೇಬೇಕಲ್ಲ,
ನಮ್ಮೂರಿಗೆ ಬಂದು ಬಚಾವಾಯಿತು ಬಿಡು ಅಂದೆ.
ಕಾಲುಗಳು ನಕ್ಕವು.

ಸ್ಟೇರಿಂಗು ನಮ್ಮ ಹಾಗೇ ಬಲಕ್ಕೆ.
ಅಲ್ಲಿಯವರೂ ಎಡಕ್ಕೇ ಹೋಗುವವರಂತೆ;
ಇಷ್ಟು ದೂರದ ನೆಂಟಸ್ತಿಕೆಗೆ ಅಷ್ಟು ಸಾಕು.
ಆದರೆ ಬೈಕಿನವನೊಬ್ಬ ಪಕ್ಕದ ಕನ್ನಡಿ ಕಿತ್ತನೋ,
ಜೆಸಿ ರೋಡಿಡೀ ಅಲೆದು, ದುಬೈಗೆ ಫೋನು ಹಚ್ಚಿ,
ಮೂರು ತಿಂಗಳು ಬೆನ್ನ ಹಿಂದೇನಿದೆ ತಿಳಿಯದೆ ಓಡಬೇಕು.
ಅಂತರಗಂಗೆ ದಾರಿಯ ಹಂಪು ಹಂಪಿಗೂ
ಹೊಟ್ಟೆ ಊರಿ ಸಾಷ್ಟಾಂಗ.
ರೇಡಿಯೋ ತೊಂಬತ್ತಕ್ಕೆ ನಿಂತುಬಿಡುತ್ತದೆ,
ನಮ್ಮ ಸ್ಟೇಷನ್ನುಗಳೆಲ್ಲ ಅದರಾಚೆ,
ಗೋಡೆಯಾಚೆ ಮದುವೆಮನೆ.
ವಯಸ್ಸು ಹದಿನೈದು ದಾಟಿದ್ದಕ್ಕೆ ಆರ್‌ಟಿಓಗೆ ಹಸಿರು ತೆರಿಗೆ ಬೇರೆ.
ಕೊಂಡರೆ ಕೊಂಡೆ. ಮಾರಹೋದರೆ
ಇನ್ನೊಬ್ಬ ಹುಚ್ಚಿಯನ್ನೇ ಹುಡುಕಬೇಕು.

ಹಿಂದಿನ ಸೀಟು ಬಿಚ್ಚಿದೆ.
ಹಳ್ಳವೇ ಬಿದ್ದಿಲ್ಲ, ಹಿಂದೆ ಯಾರೂ ಕೂತೇ ಇಲ್ಲ.
ಮುಂದಿನೆರಡೂ ಒಂದೇ ಆಳ, ಒಂದರ ಕಡೆ ಒಂದು ವಾಲಿ.
ಸಂದಿಯಲ್ಲಿ ನಡುವೆ ತೂತಿದ್ದ ಹಿತ್ತಾಳೆ ಬಣ್ಣದ ನಾಣ್ಯ.
"ಚೇಳಮ್ಮನ ಹುಂಡಿಗೆ ಹಾಕು" ಅಂದ ನಯಾಜ್.
ಹಾಕಲಿಲ್ಲ. ನೂಲು ಪೋಣಿಸಿ ಸೂಜಿಪೆಟ್ಟಿಗೆಯಲ್ಲಿಟ್ಟೆ.

ಚಾವಿ ತಿರುಗಿಸಿದರೆ ಒಬ್ಬಳು ಮಾತಾಡುತ್ತಾಳೆ
ಡ್ಯಾಶಿನೊಳಗಿಂದ, ತಲೆ ತಗ್ಗಿಸಿದ ದನಿ.
ಅಷ್ಟು ಮರ್ಯಾದೆಯಿಂದ ನನ್ನನ್ನು
ಯಾವ ಗಿರಾಕಿಯೂ ಮಾತಾಡಿಸಿದ್ದಿಲ್ಲ.
ಏನಂತಾಳೆ?
"ಸುಖವಾಗಿ ಹೋಗಿ ಬನ್ನಿ, ಇಬ್ಬರೂ," ಅಂದಳು ಸ್ಟೆಲ್ಲಾ.
"ಮೊದಲ ದಿನವೇ ಹೇಳಿದ್ದರು ನಮ್ಮವರು.
ಇಷ್ಟು ವರ್ಷ ಅದನ್ನು ಕೇಳದೆ ಗೇಟು ದಾಟಿಲ್ಲ."

ಎರಡು ಲಕ್ಷ. ಒಂದು ರೂಪಾಯಿ ಇಳಿಸಲಿಲ್ಲ ನಾನು.
ನಯಾಜ್ ಹಣೆ ಚಚ್ಚಿಕೊಂಡ.

ನರಸಾಪುರದ ಫ್ಯಾಕ್ಟರಿಯಲ್ಲಿ ಜಪಾನಿಯವರ ಮಾತು
ಕನ್ನಡಕ್ಕೆ ತಿರುಗಿಸುವ ಹುಡುಗಿ ಇದ್ದಾಳೆ,
ಪಾಪಣ್ಣನ ಮೊಮ್ಮಗಳು ಹೇಮಾವತಿ.
ಭಾನುವಾರ ಡ್ರಾಪು ಕೇಳಿ ಹತ್ತಿದಳು.
ಚಾವಿ ತಿರುಗಿತು, ದನಿ ಬಂತು, ಹುಡುಗಿ ಬಿದ್ದು ಬಿದ್ದು ನಕ್ಕಳು.
"ಕಾರ್ಡು ಹಾಕಿಲ್ಲ ಅಂತಾಳೆ ಆಂಟಿ.
ಟೋಲಿಂದು. ಅಷ್ಟೇ. ದಿನಾ ಅದೇ."

ನಾನು ನಗಲು ಹೋದೆ,
ಮುಂದಿನೆರಡು ಸೀಟಿನ ವಾಲು ನೆನಪಾಯಿತು.

ಸಿಂಡಿಕೇಟ್ ಬಣ್ಣದ ರೆಕ್ಸಿನ್ನು ಬೇಡವೆಂದು
ಎರಡಕ್ಕೂ ಬಿಳಿ ಕಾಟನ್ನು ಹೊಲಿದಿದ್ದೇನೆ.
ಒಳಗಿನ ಹಳ್ಳಕ್ಕೆ ಸ್ಪಂಜು ತುಂಬಿಲ್ಲ.
ಮೊನ್ನೆ ಸ್ಟೆಲ್ಲಾ ಫೋನು ಮಾಡಿದ್ದಳು,
"ಈಗಲೂ ಹೇಳ್ತಾಳಾ?" ಅಂತ.
ಹೂಂ, ದಿನಾ ಹೇಳ್ತಾಳೆ, ಅಂದೆ.