ಬೆರಳಗಲ

ರಂಸೀನಾಳ ಪ್ರಬಂಧದಲ್ಲಿ ಒಂದು ಅಲ್ಪವಿರಾಮವೂ ತಪ್ಪಿಲ್ಲ.
ಹೆಸರು, ಇಸವಿ, ಪುಟ. ಆಕರಪಟ್ಟಿಯಲ್ಲಿ ಇಪ್ಪತ್ತೆರಡು ಮಂದಿ
ಶಾಲೆಯ ಪ್ರಾರ್ಥನೆಗೆ ಎತ್ತರದ ಪ್ರಕಾರ ನಿಂತವರ ಹಾಗೆ.
ಕೆಂಪು ಪೆನ್ನಿಗೆ ಕೆಲಸವಿಲ್ಲ.
ವಿರಾಜಪೇಟೆಯಿಂದ ಗೋಣಿಕೊಪ್ಪಕ್ಕೆ ಆರರ ಬಸ್ಸು
ಇವತ್ತು ಸಿಕ್ಕೇ ಸಿಗುತ್ತದೆ ಅಂದುಕೊಂಡೆ.

ಒಂಬತ್ತನೇ ಪುಟದಲ್ಲಿ ನಾನೇ ಸಿಕ್ಕಿದೆ.

“ಹೊಟ್ಟೆಯಡಿ ಮರಿ ಹೊತ್ತ ಗದ್ದೆ ಏಡಿ
ಬಿಲದ ಬಾಯನ್ನು ಮಣ್ಣಿನಿಂದ ಪೂರ್ತಿ ಮುಚ್ಚುತ್ತದೆ
(ಬೊಳ್ಳಮ್ಮ, ೧೯೯೭, ಪು. ೪೧).”

ಸರಿಯಾಗಿದೆ. ನಲವತ್ತೊಂದೇ.
ಬೊಳ್ಳಮ್ಮ ನಾನೇ.
ಬಿಲದೊಳಗೆ ಹೋದ ಕೈ ಮಾತ್ರ ನನ್ನದಲ್ಲ.

ನಾನು ಏರಿಯ ಮೇಲಿದ್ದೆ, ಗಂಬೂಟು ಹಾಕಿಕೊಂಡು,
ನೀರುಹಾವಿಗೆ ಹೆದರಿ ಎರಡು ಮಾರು ಹಿಂದೆ.
ಚುಬ್ರ ಮೊಣಕೈವರೆಗೆ ಇಳಿಸಿ, ಕಣ್ಣು ಬೇರೆಲ್ಲೋ ಇಟ್ಟು,
ಒಳಗಿನದನ್ನು ಬೆರಳಲ್ಲಿ ಓದುತ್ತಿದ್ದ.
“ಹೆಣ್ಣು. ಮರಿ ಉಂಟು,” ಎಂದು ಬರಿಗೈ ತೆಗೆದ.
ಇನ್ನೂ ಏನೋ ಹೇಳುವುದಿತ್ತು ಅವನಿಗೆ.
ನನ್ನ ಪೆನ್ನಿಗೆ ಅಷ್ಟು ಸಾಕಾಗಿತ್ತು.
ದಿನಕ್ಕೆ ನಲವತ್ತು ರೂಪಾಯಿ, ಎರಡು ಬನ್ನು.
“ನಾವು ಗಮನಿಸಿದೆವು” ಎಂದು ಬರೆದೆ.
ಕೃತಜ್ಞತೆಯ ಪುಟದಲ್ಲಿ ಮಾರ್ಗದರ್ಶಕರಿದ್ದಾರೆ, ಜೀಪಿನ ಡ್ರೈವರಿದ್ದಾನೆ,
ಟೈಪ್ ಮಾಡಿಕೊಟ್ಟ ಹುಡುಗಿ ಇನಿಷಿಯಲ್ ಸಮೇತ ಇದ್ದಾಳೆ.

“ಪುಟ ತಪ್ಪಾಯ್ತಾ ಮೇಡಂ?”
ಇಲ್ಲ. ಮನುಷ್ಯ ತಪ್ಪಾಯ್ತು.

ನನ್ನ ಹೆಸರಿಗೆ ಗೀಟೆಳೆದು ಅವನದನ್ನು ಬರೆಯಹೋದರೆ
ನಾನೇ ಕಲಿಸಿದ ನಿಯಮ ಕೈ ಹಿಡಿಯಿತು:
ಮೊದಲು ಮನೆತನದ ಹೆಸರು, ಆಮೇಲೆ ಅಲ್ಪವಿರಾಮ.
ನಾವು ಹುಟ್ಟುವ ಮೊದಲೇ ಒಕ್ಕದ ಹೆಸರು
ತೊಟ್ಟಿಲ ಹತ್ತಿರ ಬಂದು ಕೂತಿರುತ್ತದೆ.
ಅವನಿಗೆ ತೋಟದ ಹಾಜರಿ ಪುಸ್ತಕದಲ್ಲಿ ಇದ್ದದ್ದು ಒಂದು ಅಂಕಿ.
ಲೈನಿನಲ್ಲಿ ಮೂವರು ಚುಬ್ರರು;
ಇವನು ಚುಬ್ರ ೩.

ಭಾನುವಾರ ರಂಸೀನಾ ಅಣ್ಣನ ಸ್ಕೂಟರ್ ಹತ್ತಿ ಬಾಳೆಲೆ ಕಡೆ ಹೋದಳು.
ಮೂರು ಲೈನು ಕೇಳಿ ನಾಲ್ಕನೆಯದರಲ್ಲಿ ಸಿಕ್ಕಿದನಂತೆ.
ಒಂದು ಕಣ್ಣಿಗೆ ಪೊರೆ. ನನ್ನ ನೆನಪಿಲ್ಲ, ಬನ್ನಿನ ನೆನಪಿದೆ.
“ಅದು ನನ್ನದಲ್ಲ. ಅಕ್ಕ ಬೊಳ್ಕಿ ಹೇಳಿಕೊಟ್ಟದ್ದು.”
ಯಾವ ಇಸವಿ?
“ನನಗೆ ಹಾಲುಹಲ್ಲು ಬೀಳುವಾಗ.”
ಆಮೇಲೆ ನಕ್ಕನಂತೆ.
“ಪೂರ್ತಿ ಮುಚ್ಚಿದರೆ ಅದಕ್ಕೆ ಉಸಿರು ಹೇಗೆ?
ಬೆರಳಗಲ ಬಿಡ್ತದೆ. ಆ ಸಂದಿ ಕಂಡರೆ ಒಳಗೆ ತಾಯಿ ಉಂಟು,
ಕೈ ಹಾಕಬಾರದು.
ಅವತ್ತು ಅಮ್ಮ ಹಾಕು ಅಂತ ಹೇಳಿದರು. ಹಾಕಿದೆ.”

ಇಪ್ಪತ್ತೇಳು ವರ್ಷ.
ನನ್ನಿಂದ ಮೈಸೂರಿನವರೊಬ್ಬರು ಎತ್ತಿಕೊಂಡರು,
ಅವರಿಂದ ಧಾರವಾಡದವರು, ಅಲ್ಲಿಂದ ಯಾವುದೋ ಪಠ್ಯಪುಸ್ತಕ.
ಎಲ್ಲರೂ ಪುಟಸಂಖ್ಯೆ ಕೊಟ್ಟಿದ್ದಾರೆ. ಯಾರೂ ಗದ್ದೆಗೆ ಇಳಿದಿಲ್ಲ.
ಆ ವಾಕ್ಯದಲ್ಲಿ “ಪೂರ್ತಿ” ಎಂಬುದೊಂದೇ
ನನ್ನ ಸ್ವಂತ ಸಂಶೋಧನೆ.

ಬಾಯಿಮಾತು ಪಟ್ಟಿಗೆ ಸೇರದು ಎನ್ನುತ್ತದೆ ಕೈಪಿಡಿ.
ಪರೀಕ್ಷಕರು ಕೇಳಿದರೆ ನಾನಿದ್ದೇನೆ, ಸೇರಿಸು ಎಂದೆ.
ಇಪ್ಪತ್ತೆರಡು ಜನ ಸ್ವಲ್ಪ ಸ್ವಲ್ಪ ಸರಿದು ಜಾಗ ಕೊಟ್ಟರು.
ನನ್ನ ಹೆಸರು ಹೋಗಲಿಲ್ಲ; ಅದರ ಎದುರು ಅವಳು
“ತಿದ್ದುಪಡಿಗೆ ಮುಂದಿನದು ನೋಡಿ” ಎಂದು ಬರೆದಿದ್ದಳು.
ಮುಂದಿನದು:

ಬೊಳ್ಕಿ,          . ತಮ್ಮ ಚುಬ್ರನಿಗೆ ಹೇಳಿದ್ದು, ಗದ್ದೆಯಲ್ಲಿ.
ಚುಬ್ರನಿಂದ ಕೇಳಿದ್ದು, ಬಾಳೆಲೆ, ಭಾನುವಾರ.

ಬಸ್ ಸ್ಟ್ಯಾಂಡಿನ ಜೆರಾಕ್ಸ್ ಅಂಗಡಿಯ ಹುಡುಗ
ಪರದೆಯ ಮೇಲೆ ಬೆರಳಿಟ್ಟ.
“ಅಕ್ಕ, ಇಲ್ಲೊಂದು ಜಾಗ ಖಾಲಿ ಉಳಿದಿದೆ. ಮುಚ್ಚಲಾ?”
ರಂಸೀನಾ ನನ್ನ ಕಡೆ ತಿರುಗಿಯೂ ನೋಡಲಿಲ್ಲ.
“ಇರಲಿ,” ಅಂದಳು. “ಮೂರು ಪ್ರತಿಗೆ ಎಷ್ಟಾಗುತ್ತೆ?”