ತಪ್ಪಿನ ಕಾಲಂ

ಸಂಘದವರು ಒಂದು ಫಾರಂ ಕಳಿಸಿದ್ದಾರೆ.
ಎಲ್ಲೋಜಿರಾಯನಿಗೆ ಸನ್ಮಾನ ಸಲ್ಲುತ್ತದೋ ಇಲ್ಲವೋ,
ಹತ್ತೊಂಬತ್ತು ವರ್ಷ ಲೆಕ್ಕ ಬರೆದವರು ತಾವು,
ಒಂದು ಪುಟ ಮೀರದಂತೆ ತಿಳಿಸಿ, ಎಂದು.

ನನ್ನ ಹತ್ತಿರ ಇರುವುದು ಇಪ್ಪತ್ತೆರಡು ಉದ್ದನೆಯ ಪುಸ್ತಕ.
ಬೇಸ್‌ಬಾಲಿನಲ್ಲಿ ಶಾರ್ಟ್‌ಸ್ಟಾಪ್ ಅಂದರೆ ಆರನೇ ನಂಬರು,
ಎರಡನೇ ಬೇಸಿಗೂ ಮೂರನೇ ಬೇಸಿಗೂ ನಡುವೆ
ಬೇಸೇ ಇಲ್ಲದ ಜಾಗವನ್ನು ಕಾಯುವವನು.
ಎಲ್ಲೋಜಿಯ ಹೆಸರಿನ ಮುಂದೆ ತಪ್ಪು: ನೂರ ಹದಿನೇಳು.
ಶ್ರೀರಾಮಪುರದ ಬಸವಲಿಂಗನಿಗೆ, ಅಷ್ಟೇ ವರ್ಷಕ್ಕೆ, ನಲವತ್ತೊಂದು.
ಎಲ್ಲಾ ಕೆಂಪು ಶಾಯಿ. ಎಲ್ಲಾ ನನ್ನದೇ ಕೈಬರಹ.

ನಾನು ಅಳತೆ-ತೂಕದ ಇಲಾಖೆಯಲ್ಲಿದ್ದವನು.
ಮಾರ್ಕೆಟ್ಟಿನ ತಕ್ಕಡಿಗಳಿಗೆ ಮುದ್ರೆ ಒತ್ತಿ ಒತ್ತಿ
ಹೆಬ್ಬೆರಳು ಚಪ್ಪಟೆಯಾಗಿದೆ.
ತಟ್ಟೆಯ ತಳಕ್ಕೆ ಹುಣಸೆಹಣ್ಣು ಮೆತ್ತಿದ್ದರೆ
ಹತ್ತು ಮಾರು ದೂರದಿಂದಲೇ ಹಿಡಿಯುತ್ತಿದ್ದೆ.
ಆದರೂ ಈ ಕಾಲಂ ಸುಳ್ಳು ತೂಗುತ್ತಿದೆ ಅಂತ ತಿಳಿಯಲು
ಆರು ವರ್ಷ ಹಿಡಿಯಿತು.

ಬಸವಲಿಂಗ ನಿಂತಲ್ಲೇ ನಿಲ್ಲುತ್ತಿದ್ದ, ಬೆರ್ಚಪ್ಪನ ಹಾಗೆ.
ಎರಡು ಹೆಜ್ಜೆ ಆಚೆ ಹೋದ ಚೆಂಡು ಅವನದಲ್ಲ, ದೇವರದು.
ಹಿಟ್ ಅಂತ ಬರೆಯುತ್ತಿದ್ದೆ, ನೀಲಿಯಲ್ಲಿ.
ಮುಟ್ಟದವನು ಮಡಿ.

ಎಲ್ಲೋಜಿ ಓಡುತ್ತಿದ್ದ.
ಆಸ್ಟಿನ್ ಟೌನಿನ ಆ ಮೈದಾನದಲ್ಲಿ
ಅತ್ತ ಇತ್ತ ನಾಲ್ಕು ಕ್ರಿಕೆಟ್ ಮ್ಯಾಚು,
ಯಾರದೋ ಲಾಂಗ್ ಆನಿನ ಹುಡುಗನನ್ನು ಸವರಿಕೊಂಡು,
ಮೂರನೇ ಬೇಸಿನವನ ಬೆನ್ನ ಹಿಂದೆ ಹೋಗಿ
ಮಣ್ಣಿಗೆ ಬಿದ್ದು, ಬಿದ್ದಲ್ಲಿಂದಲೇ ಎಸೆದು...
ಒಮ್ಮೊಮ್ಮೆ ಗ್ಲೌಸಿನ ತುದಿ ತಾಗಿ ಜಾರುತ್ತಿತ್ತು.
ಮುಟ್ಟಿದನಲ್ಲ.
ಕೆಂಪು.

ಆ ಗ್ಲೌಸು ಸಂಡೆ ಬಜಾರಿನದು. ಹರಳೆಣ್ಣೆ ತಿಕ್ಕಿ ತಿಕ್ಕಿ ಕಪ್ಪಾಗಿತ್ತು.
ಕಾಟನ್‌ಪೇಟೆಯಲ್ಲಿ ಟೈಲರಿಂಗ್ ಅವನಿಗೆ;
ಹೊಲಿಗೆ ಬಿಟ್ಟಲ್ಲೆಲ್ಲ ಗಿರಾಕಿಗಳ ಬ್ಲೌಸಿನ ದಾರ,
ಒಂದೊಂದು ಬೆರಳಿಗೆ ಒಂದೊಂದು ಬಣ್ಣ.

ಅವನ ಹಿಂದೆ, ಎಡಮೈದಾನದಲ್ಲಿ ನಿಲ್ಲುತ್ತಿದ್ದ
ಸಾದಿಕ್‌ನ ಪ್ಯಾಂಟು ನೋಡಬೇಕಿತ್ತು ನೀವು.
ಒಗೆಯದೆ ಮುಂದಿನ ಭಾನುವಾರಕ್ಕೂ ಹಾಕಬಹುದಿತ್ತು.
ಕಡಲೆಕಾಯಿ ಸುಲಿಯುತ್ತಿದ್ದ, ಸಿಪ್ಪೆ ಜೇಬಿಗೆ ತುಂಬುತ್ತಾ.
ಎಲ್ಲೋಜಿಗೆ ಟೈಫಾಯ್ಡ್ ಆದ ವರ್ಷ
ಪಾಪ, ಓಡಿ ಓಡಿ ಗೂಲಮರದ ಬುಡದಲ್ಲಿ ವಾಂತಿ ಮಾಡಿಕೊಂಡ.
ಇದಕ್ಕೆ ಯಾವ ಕಾಲಂ, ಹೇಳಿ?

ಮೂವತ್ತೆಂಟಕ್ಕೆ ಮಂಡಿ ಹೋಯಿತು. ಯಾರಿಗೂ ಹೇಳಲಿಲ್ಲ.
ಎರಡಡಿ ಹಿಂದೆ ಸರಿದು ನಿಲ್ಲತೊಡಗಿದ.
ಬ್ಯಾಟಿನವನ ಭುಜ ಓದಿ, ಹೊಡೆತಕ್ಕೆ ಮೊದಲೇ
ಕಾಲು ಕೀಳತೊಡಗಿದ.
ಅದೂ ಸಾಲದೆ, ಒಂದು ಭಾನುವಾರ,
ಚೆಂಡು ಹೋಗುವುದನ್ನು ನಿಂತು ನೋಡಿದ.
ಆಮೇಲೆ ನನ್ನ ಕಡೆ ನೋಡಿದ.
ನಾನು ತಲೆ ತಗ್ಗಿಸಿ ನೀಲಿ ಪೆನ್ನು ತೆಗೆದೆ.

ಆ ವರ್ಷ ಬರೀ ಎರಡು ತಪ್ಪು.
ಈಗ ಸುಧಾರಿಸಿದ ನೋಡಿ, ಅಂದರು.
ಅತ್ಯುತ್ತಮ ಕ್ಷೇತ್ರರಕ್ಷಕ, ಒಂದು ಸ್ಟೀಲ್ ಕಪ್ಪು.
ಅಂಗಡಿಯಲ್ಲಿದೆ. ಗುಂಡಿ ಹಾಕಿಟ್ಟಿದ್ದಾನೆ ಅದರಲ್ಲಿ.

ನಿನ್ನೆ ಹೋಗಿ ಅವನ ಟೇಪು ಕೇಳಿದೆ.
ಯಾಕೆ ಅನ್ನಲಿಲ್ಲ, ಕತ್ತಿನಿಂದ ತೆಗೆದುಕೊಟ್ಟ.
ಮೈದಾನದಲ್ಲಿ ಅವನು ನಿಲ್ಲುತ್ತಿದ್ದ ಜಾಗದಿಂದ
ಬೀಳುತ್ತಿದ್ದ ಜಾಗದವರೆಗೆ, ನೆನಪಿದ್ದಷ್ಟು, ಅಳೆದೆ.
ನಾಲ್ಕು ಟೇಪು, ಮೇಲೆ ಒಂದು ಗೇಣು.
ಬಸವಲಿಂಗನಿಗೆ ಒಂದೇ ಸಾಕಿತ್ತು.
ಅಂಕಲ್, ಸೈಡಿಗೆ ಹೋಗಿ, ಅಂತ ಹುಡುಗರು ಕೂಗಿದರು.

ರಾತ್ರಿ ಫಾರಂ ತುಂಬಿದೆ.
ತಪ್ಪುಗಳ ಒಟ್ಟು ಸಂಖ್ಯೆ: ೧೧೭.
ಷರಾ: ಸದರಿ ಅಂಕಿಯನ್ನು ಗಳಿಕೆ ಎಂದು ಓದಿಕೊಳ್ಳತಕ್ಕದ್ದು.
ರುಜು ಹಾಕುವಾಗ ಒಂದು ನೆನಪಾಯಿತು,
ಕಲ್ಲಿಗೆ ಬಡಿದು ಎಗರಿ ಅವನ ತುಟಿ ಒಡೆದದ್ದು.
ಅದು ಅವನ ತಪ್ಪಲ್ಲ, ಬರೆದ ನನ್ನದು.
ಕಳೆಯೋಣ ಅಂತ ಪೆನ್ನೆತ್ತಿದೆ.
ಇರಲಿ ಅಂತ ಬಿಟ್ಟೆ.
ಅದನ್ನೂ ಮುಟ್ಟಿದ್ದ.